ಗಣೆಯ ಉಸಿರು, ಫೈಲಿನ ಗಾತ್ರ

(ಜನಪದ ಗಾಯನದ ಧ್ವನಿಮುದ್ರಣದಲ್ಲಿ ತೊಡಗಿರುವ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಿಗಾಗಿ ಚಿತ್ರದುರ್ಗದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಬೆಳಿಗ್ಗೆಯಿಂದ ನೀವೆಲ್ಲ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿದ್ದೀರಿ: ಹಾಡು ಕೆಡದಂತೆ ಫೈಲನ್ನು ಎಷ್ಟು ಚಿಕ್ಕದು ಮಾಡಬಹುದು? ನಾನೊಂದು ಸಂಖ್ಯೆ ಹೇಳಬಹುದು. ಆದರೆ ಇಲ್ಲಿ ಕುಳಿತಿರುವ ಅರ್ಧದಷ್ಟು ಜನರಿಗೆ ಆ ಸಂಖ್ಯೆ ಹೊಂದುವುದಿಲ್ಲ. ಚಳ್ಳಕೆರೆ, ಹಿರಿಯೂರು ಕಡೆಯ ಗೊಲ್ಲರ ಹಟ್ಟಿಯಲ್ಲಿ ಕಾಡುಗೊಲ್ಲರ ವೀರ ಜುಂಜಪ್ಪನ ಕಾವ್ಯವನ್ನು ಮುದ್ರಿಸಿಕೊಂಡು ಬಂದವರಿಗೆ ಬೇಕಾದದ್ದು ಒಂದು. ದಾವಣಗೆರೆಯ ನಾಟಕ ಕಂಪನಿಗಳ ಕಾಲದ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುತ್ತಿರುವವರಿಗೆ ಬೇಕಾದದ್ದು ಇನ್ನೊಂದು. ಅಜ್ಜಿ ಹಾಡಿದ ಸೋಬಾನೆ ಪದವನ್ನು ಊರೂರಲ್ಲಿರುವ ಮೊಮ್ಮಕ್ಕಳ ಮೊಬೈಲಿಗೆ ಕಳಿಸಬೇಕಾದವರಿಗೆ ಬೇಕಾದದ್ದು ಮತ್ತೊಂದು. ಹಾಗಾಗಿ ಸಂಖ್ಯೆಗೆ ಬರುವ ಮೊದಲು, ಫೈಲು ಚಿಕ್ಕದಾಗುವಾಗ ಒಳಗೆ ಏನು ನಡೆಯುತ್ತದೆ ಎಂಬುದನ್ನು ನೋಡೋಣ. ಅದು ತಿಳಿದರೆ ಸಂಖ್ಯೆಯನ್ನು ನೀವೇ ಗೊತ್ತು ಮಾಡಿಕೊಳ್ಳುತ್ತೀರಿ.

ಧ್ವನಿ ಎಂದರೆ ಗಾಳಿಯ ಒತ್ತಡದ ಏರಿಳಿತ. ಡಿಜಿಟಲ್ ಮುದ್ರಣದಲ್ಲಿ ಆ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಸಂಖ್ಯೆಗಳಾಗಿ ಬರೆದಿಡುತ್ತಾರೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಸೆಕೆಂಡಿಗೆ 44,100 ಅಳತೆಗಳು, ಪ್ರತಿ ಅಳತೆಗೆ 16 ಬಿಟ್ (ಬಿಟ್ ಎಂದರೆ ಸೊನ್ನೆ ಅಥವಾ ಒಂದು ಎಂಬ ಅಂಕೆ), ಎಡ ಮತ್ತು ಬಲ ಎಂದು ಎರಡು ಚಾನೆಲ್, ಅದೇ ಸ್ಟೀರಿಯೊ. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. ಒಂದು ಗಂಟೆಗೆ ಸುಮಾರು 635 ಎಂಬಿ. ಆವರ್ತನವನ್ನು, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬುದನ್ನು, ಹರ್ಟ್ಸ್‌ನಲ್ಲಿ ಹೇಳುತ್ತಾರೆ. ಮನುಷ್ಯನ ಕಿವಿ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳುತ್ತದೆ, ವಯಸ್ಸಾದಂತೆ ಆ ಮೇಲಿನ ಗೆರೆ ಕೆಳಗಿಳಿಯುತ್ತದೆ. ಯಾವುದೇ ಆವರ್ತನವನ್ನು ಹಿಡಿಯಲು ಅದರ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಅಳೆಯಬೇಕು ಎಂಬುದು ಗಣಿತದ ನಿಯಮ. ಅದಕ್ಕೇ 40,000ಕ್ಕಿಂತ ಸ್ವಲ್ಪ ಮೇಲಿನ ಸಂಖ್ಯೆ.

ಸರಿಯಾಗಿ 44,100 ಏಕೆ ಎಂದು ಯಾರೋ ಕೇಳಿದರು. ಇದು ನಮ್ಮ ದಾರಿಯಿಂದ ಸ್ವಲ್ಪ ಆಚೆಯ ಮಾತು, ಆದರೂ ಹೇಳುತ್ತೇನೆ. ಆ ಕಾಲದಲ್ಲಿ ಇಷ್ಟೊಂದು ದತ್ತಾಂಶವನ್ನು ಹಿಡಿದಿಡುವ ಅಗ್ಗದ ಸಾಧನ ವಿಡಿಯೊ ಟೇಪು ಮಾತ್ರ. ಚಿತ್ರದ ಒಂದೊಂದು ಗೆರೆಯಲ್ಲಿ ಮೂರು ಧ್ವನಿ ಅಳತೆಗಳನ್ನು ಕೂರಿಸುತ್ತಿದ್ದರು. ಅಮೆರಿಕ, ಜಪಾನಿನ ಪದ್ಧತಿಯಲ್ಲಿ 245 ಗೆರೆ, ಸೆಕೆಂಡಿಗೆ 60 ಸಲ. ಯುರೋಪಿನ ಪದ್ಧತಿಯಲ್ಲಿ 294 ಗೆರೆ, ಸೆಕೆಂಡಿಗೆ 50 ಸಲ. ಎರಡನ್ನೂ ಮೂರರಿಂದ ಗುಣಿಸಿ ನೋಡಿ, ಎರಡೂ ಕಡೆ 44,100 ಬರುತ್ತದೆ. ಇಂದು ನಿಮ್ಮ ಮೊಬೈಲಿನಲ್ಲಿ ಇರುವ ಹಾಡುಗಳ ಮೇಲೂ ಆ ಟೇಪಿನ ಲೆಕ್ಕ ಉಳಿದುಕೊಂಡಿದೆ.

ಸಂಗ್ರಹದ ಕೆಲಸಕ್ಕೆ ನಾವು ಬಳಸುವುದು ಇದಕ್ಕಿಂತ ಮೇಲಿನ ಅಳತೆ: ಸೆಕೆಂಡಿಗೆ 48,000, ಪ್ರತಿ ಅಳತೆಗೆ 24 ಬಿಟ್. ಒಂದು ಬಿಟ್ ಹೆಚ್ಚಿದರೆ ಅತಿ ಮೆಲು ದನಿಗೂ ಅತಿ ಜೋರು ದನಿಗೂ ನಡುವಿನ ಅಂತರದಲ್ಲಿ ಸುಮಾರು 6 ಡೆಸಿಬೆಲ್ ಹೆಚ್ಚು ಜಾಗ ಸಿಗುತ್ತದೆ. 16 ಬಿಟ್ ಎಂದರೆ 96 ಡೆಸಿಬೆಲ್, 24 ಬಿಟ್ ಎಂದರೆ ಲೆಕ್ಕದಲ್ಲಿ 144. ಅಷ್ಟು ಏಕೆ? ಹಟ್ಟಿಯಲ್ಲಿ ಹಾಡುವವರು ಸ್ಟುಡಿಯೊದಲ್ಲಿ ಹಾಡುವವರಂತೆ ಮೈಕಿನ ಮುಂದೆ ಅಲುಗಾಡದೆ ನಿಲ್ಲುವುದಿಲ್ಲ. ಕತೆ ಹೇಳುವಾಗ ದನಿ ತಗ್ಗುತ್ತದೆ, ಆವೇಶ ಬಂದಾಗ ಏರುತ್ತದೆ, ಪಕ್ಕದಲ್ಲಿ ಇದ್ದಕ್ಕಿದ್ದಂತೆ ಉರುಮೆ ಬಡಿಯುತ್ತದೆ. 24 ಬಿಟ್ ಇದ್ದರೆ ಮುದ್ರಣದ ಮಟ್ಟವನ್ನು ಧೈರ್ಯವಾಗಿ ಕೆಳಗಿಟ್ಟು, ಸದ್ದು ಒಡೆಯುವ ಭಯವಿಲ್ಲದೆ ಕೂರಬಹುದು.

ಬೆಲೆಯನ್ನೂ ಹೇಳಬೇಕು. ಈ ಅಳತೆಯಲ್ಲಿ ಸ್ಟೀರಿಯೊ ಮುದ್ರಣ ಗಂಟೆಗೆ ಒಂದು ಜಿಬಿಗಿಂತ ತುಸು ಹೆಚ್ಚು ತಿನ್ನುತ್ತದೆ. ಇಲ್ಲೊಂದು ಅಪಾಯವಿದೆ, ರಾತ್ರಿಯಿಡೀ ಹಾಡಿಸುವವರು ಗಮನಿಸಿ. ಸಾಮಾನ್ಯ ವೇವ್ (ಕುಗ್ಗಿಸದ ಧ್ವನಿಯ) ಫೈಲಿನ ತಲೆಬರಹದಲ್ಲಿ ಗಾತ್ರವನ್ನು ಬರೆಯಲು ಇರುವುದು 32 ಬಿಟ್ ಜಾಗ. ಹಾಗಾಗಿ ಅದು 4 ಜಿಬಿ ದಾಟಲಾರದು. 24 ಬಿಟ್, 48,000, ಸ್ಟೀರಿಯೊ ಎಂದರೆ ಸುಮಾರು ನಾಲ್ಕು ಗಂಟೆ ಎಂಟು ನಿಮಿಷಕ್ಕೆ ಆ ಮಿತಿ ಮುಟ್ಟುತ್ತದೆ. ಒಳ್ಳೆಯ ರೆಕಾರ್ಡರುಗಳು ತಾವಾಗಿಯೇ ಹೊಸ ಫೈಲು ತೆರೆಯುತ್ತವೆ. ನಿಮ್ಮದು ಹಾಗೆ ಮಾಡುತ್ತದೆಯೇ ಎಂದು ಹಟ್ಟಿಗೆ ಹೋಗುವ ಮುನ್ನ ಮನೆಯಲ್ಲೇ ಪರೀಕ್ಷಿಸಿ. ಒಬ್ಬರೇ ಹಾಡುವ ಪದಕ್ಕೆ ಒಂದೇ ಮೈಕು ಸಾಕು. ಅಲ್ಲಿ ಮೋನೊ, ಅಂದರೆ ಒಂದೇ ಚಾನೆಲ್, ಇಟ್ಟರೆ ಗುಣಮಟ್ಟದಲ್ಲಿ ಏನನ್ನೂ ಕಳೆದುಕೊಳ್ಳದೆ ಗಾತ್ರ ಅರ್ಧಕ್ಕೆ ಇಳಿಯುತ್ತದೆ. ಇಷ್ಟು ಸುಲಭದ ಉಳಿತಾಯವನ್ನು ಬಹಳ ಜನ ಮರೆಯುತ್ತಾರೆ.

ಈಗ ಕುಗ್ಗಿಸುವ ಮಾತು. ಅದರಲ್ಲಿ ಎರಡು ದಾರಿ. ಒಂದರಲ್ಲಿ ಏನೂ ನಷ್ಟವಿಲ್ಲ. ಜೋಶ್ ಕೋಲ್ಸನ್ ರೂಪಿಸಿದ, 2001ರಲ್ಲಿ ಮೊದಲ ಪೂರ್ಣ ಆವೃತ್ತಿ ಹೊರಬಂದ ಫ್ಲ್ಯಾಕ್ ಅಂಥದ್ದು. ಹಿಂದಿನ ಅಳತೆಗಳನ್ನು ನೋಡಿ ಮುಂದಿನ ಅಳತೆ ಎಷ್ಟಿರಬಹುದು ಎಂದು ಊಹಿಸುತ್ತದೆ, ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಚಿಕ್ಕದಾಗಿ ಬರೆದಿಡುತ್ತದೆ. ತೆರೆದಾಗ ಮೂಲದ ಒಂದೊಂದು ಬಿಟ್ಟೂ ಹಾಗೆಯೇ ಮರಳಿ ಬರುತ್ತದೆ. ಗಾತ್ರ ಸಾಮಾನ್ಯವಾಗಿ ಮೂಲದ ಅರ್ಧದಿಂದ ಮೂರನೆಯ ಎರಡು ಭಾಗದ ನಡುವೆ ನಿಲ್ಲುತ್ತದೆ. ಇದು ಉಚಿತ, ಯಾರ ಪರವಾನಗಿಯೂ ಬೇಡ. ಸಂಗ್ರಹದಲ್ಲಿ ಇಡುವ ಪ್ರತಿಗೆ ಇದನ್ನು ಬಿಟ್ಟು ಬೇರೇನನ್ನೂ ನಾನು ಶಿಫಾರಸು ಮಾಡುವುದಿಲ್ಲ. ವೇವ್ ಆಗಿಯೇ ಇಡುತ್ತೇವೆ ಎನ್ನುವವರು ಹಾಗೆಯೇ ಇಡಿ, ಅದೂ ಸರಿಯೇ.

ಫ್ಲ್ಯಾಕ್‌ನ ಗಾತ್ರ ಮುದ್ರಣದ ಶುದ್ಧಿಯ ಮೇಲೆ ನಿಂತಿರುವುದನ್ನು ನೀವೇ ನೋಡಬಹುದು. ಸ್ವರವನ್ನು ಊಹಿಸಬಹುದು, ಗದ್ದಲವನ್ನು ಊಹಿಸಲಾಗದು. ಫ್ಯಾನಿನ ಸದ್ದು, ಗಾಳಿಯ ಬಡಿತ ಸೇರಿದಷ್ಟೂ ಫೈಲು ಉಬ್ಬುತ್ತದೆ. ಈ ಊರಿನ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಗಾಳಿ ಇದೆ ಎಂದೇ. ಆ ಗಾಳಿ ನಿಮ್ಮ ಮೈಕಿಗೂ ಬಡಿಯುತ್ತದೆ. ಮೈಕಿಗೆ ಸ್ಪಂಜಿನ ಟೋಪಿ ಹಾಕಿ, ಅದೂ ಸಾಲದಿದ್ದರೆ ತುಪ್ಪಟದ ಹೊದಿಕೆ ಹಾಕಿ, ಗೋಡೆಯ ಮರೆಗೆ ಕೂರಿಸಿ, ಹಾಡುವವರ ಬಾಯಿಗೆ ಹತ್ತಿರ ಹೋಗಿ. ಗುಣಮಟ್ಟಕ್ಕೂ ಗಾತ್ರಕ್ಕೂ ಒಟ್ಟಿಗೆ ಲಾಭವಾಗುವ ಕೆಲಸ ಇದೊಂದೇ. ಸಾಫ್ಟ್‌ವೇರಿನಲ್ಲಿ ಎಷ್ಟು ತಿಣುಕಿದರೂ ಇದಕ್ಕೆ ಸಮನಾದದ್ದು ಸಿಗುವುದಿಲ್ಲ.

ಎರಡನೆಯ ದಾರಿಯಲ್ಲಿ ಬಿಸಾಡುವುದಿದೆ. ಎಂಪಿ3, ಎಎಸಿ, ಓಪಸ್ ಎಲ್ಲವೂ ಈ ಗುಂಪಿನವು. ಇವುಗಳ ಆಧಾರ ನಮ್ಮ ಕಿವಿಯ ಮಿತಿ. ಜೋರಾದ ಸದ್ದೊಂದು ಕೇಳುತ್ತಿರುವಾಗ ಅದರ ಆಸುಪಾಸಿನ ಆವರ್ತನದಲ್ಲಿರುವ ಮೆಲುಸದ್ದು ನಮಗೆ ಕೇಳುವುದೇ ಇಲ್ಲ, ಜೋರುಸದ್ದಿನಲ್ಲಿ ಅದು ಮುಚ್ಚಿಹೋಗುತ್ತದೆ. ಜೋರುಸದ್ದು ನಿಂತ ಮೇಲೂ ನೂರು ಮಿಲಿಸೆಕೆಂಡಿನಷ್ಟು ಹೊತ್ತು ಕಿವಿ ಮಂದವಾಗಿರುತ್ತದೆ. ಸದ್ದು ಬರುವುದಕ್ಕೆ ಕೆಲವೇ ಮಿಲಿಸೆಕೆಂಡು ಮುಂಚಿನದ್ದೂ ಮರೆಯಾಗುತ್ತದೆ. ಕೋಡೆಕ್ಕು, ಅಂದರೆ ಧ್ವನಿಯನ್ನು ಕುಗ್ಗಿಸಿ ಮತ್ತೆ ತೆರೆಯುವ ವಿಧಾನ, ಹಾಡನ್ನು ತುಂಡು ತುಂಡಾಗಿ ತೆಗೆದುಕೊಂಡು, ಪ್ರತಿ ತುಂಡಿನಲ್ಲೂ ಯಾವ ಆವರ್ತನ ಮುಚ್ಚಿಹೋಗುತ್ತದೆ ಎಂದು ಲೆಕ್ಕ ಹಾಕಿ, ಅಲ್ಲಿ ಬಿಟ್ಟುಗಳನ್ನು ಉಳಿಸುತ್ತದೆ. ಅದ್ಭುತವಾದ ಶಾಸ್ತ್ರ ಇದು. 128 ಕೆಬಿಪಿಎಸ್‌ನ ಎಂಪಿ3 (ಸೆಕೆಂಡಿಗೆ 128 ಸಾವಿರ ಬಿಟ್; ಈ ವೇಗವೇ ಬಿಟ್‌ರೇಟ್) ಎಂದರೆ ಸಿಡಿಯ ದತ್ತಾಂಶದ ಹನ್ನೊಂದನೆಯ ಒಂದು ಭಾಗ. ಗಂಟೆಗೆ 58 ಎಂಬಿ ಕೂಡ ಇಲ್ಲ. ಅಷ್ಟನ್ನು ತೆಗೆದರೂ ಮೊದಲ ಕೇಳಿಗೆ ಹಾಡು ಹಾಡಾಗಿಯೇ ಇರುತ್ತದೆ.

ಆದರೆ ಯಾವ ಹಾಡು? ಎಂಪಿ3ಯನ್ನು ರೂಪಿಸಿದವರಲ್ಲಿ ಮುಖ್ಯರಾದ ಜರ್ಮನಿಯ ಕಾರ್ಲ್‌ಹೈನ್ಸ್ ಬ್ರಾಂಡನ್‌ಬರ್ಗ್ ತಮ್ಮ ವಿಧಾನವನ್ನು ಪರೀಕ್ಷಿಸುತ್ತಿದ್ದಾಗ ಅಮೆರಿಕದ ಗಾಯಕಿ ಸುಝಾನ್ ವೇಗಾ ಯಾವ ಹಿಮ್ಮೇಳವೂ ಇಲ್ಲದೆ ಹಾಡಿದ ಹಾಡೊಂದು ಅವರನ್ನು ಸೋಲಿಸಿತು. ವಾದ್ಯಗಳು ತುಂಬಿದ ಸಂಗೀತ ಚೆನ್ನಾಗಿ ಕೇಳುತ್ತಿತ್ತು. ಒಂಟಿ ಹೆಣ್ಣು ದನಿ ಮಾತ್ರ ವಿಕಾರವಾಗುತ್ತಿತ್ತು. ಒಂಟಿ ದನಿಯ ಸುತ್ತ ತಪ್ಪನ್ನು ಮುಚ್ಚಿಡಲು ಬೇರೆ ಸದ್ದೇ ಇರುವುದಿಲ್ಲವಲ್ಲ. ಅದು ಸರಿಯಾಗುವವರೆಗೆ ಅವರು ಆ ಹಾಡನ್ನು ಮತ್ತೆ ಮತ್ತೆ ಕೇಳಿ ವಿಧಾನವನ್ನು ತಿದ್ದಿದರು. ಇದನ್ನು ನಿಮಗೆ ಏಕೆ ಹೇಳುತ್ತಿದ್ದೇನೆಂದರೆ, ನೀವು ಊರೂರು ಸುತ್ತಿ ತರುತ್ತಿರುವುದು ಅಂಥ ಒಂಟಿ ದನಿಗಳನ್ನೇ. ಬೀಸುವ ಪದ, ಸೋಬಾನೆ ಪದ, ಲಾಲಿ ಪದ. ಸಿನಿಮಾ ಹಾಡಿಗೆ ಸಾಕಾಗುವ ಬಿಟ್‌ರೇಟ್ ಇವಕ್ಕೆ ಸಾಲದೆ ಹೋಗಬಹುದು. ಜನಪದ ಹಾಡಿಗೆ ಕಡಿಮೆ ಗುಣಮಟ್ಟ ನಡೆಯುತ್ತದೆ ಎಂಬ ಧೋರಣೆಯನ್ನು ಬಹಳ ಕಡೆ ಕಂಡಿದ್ದೇನೆ. ಅದು ಶಾಸ್ತ್ರಕ್ಕೂ ವಿರುದ್ಧ, ಹಾಡುವವರಿಗೂ ಅಗೌರವ.

ನಮ್ಮ ವಾದ್ಯಗಳಿಗೆ ಬರೋಣ. ಕಾಡುಗೊಲ್ಲರ ಗಣೆ ಎಂಬ ಕೊಳಲನ್ನು ಹತ್ತಿರದಿಂದ ಕೇಳಿದವರಿಗೆ ಗೊತ್ತು, ಆ ಉದ್ದನೆಯ ಬಿದಿರಿನೊಳಗಿಂದ ಸ್ವರದಷ್ಟೇ ಉಸಿರೂ ಬರುತ್ತದೆ. ಆ ಉಸಿರು ಎಲ್ಲ ಆವರ್ತನಗಳಲ್ಲೂ ಹರಡಿದ ಸುಯ್ಯೆನ್ನುವ ಸದ್ದು. ಕಡಿಮೆ ಬಿಟ್‌ರೇಟಿನಲ್ಲಿ ಕೋಡೆಕ್ಕು ಮೊದಲು ಕೈಬಿಡುವುದು ಅದನ್ನೇ. ಗಣೆ ಎಲೆಕ್ಟ್ರಾನಿಕ್ ಕೀಬೋರ್ಡಿನ ಕೊಳಲಿನಂತೆ ನಯವಾಗಿಬಿಡುತ್ತದೆ, ಇಲ್ಲವೇ ಹಿನ್ನೆಲೆಯಲ್ಲಿ ನೀರು ಗುಳುಗುಳು ಎಂದಂತೆ ಕೇಳುತ್ತದೆ. ಮ್ಯಾಸಬೇಡರ ಉರುಮೆಯ ಕಷ್ಟ ಬೇರೆ. ಒಂದು ಬದಿಯನ್ನು ಕೋಲಿನಿಂದ ಉಜ್ಜಿದಾಗ ಬರುವ ಗುಂಯ್‌ಗಾರ, ಇನ್ನೊಂದು ಬದಿಯ ಪೆಟ್ಟು. ಎಂಪಿ3ಯಲ್ಲಿ ಸಾಮಾನ್ಯ ತುಂಡೊಂದರ ಉದ್ದ ಸುಮಾರು 26 ಮಿಲಿಸೆಕೆಂಡು. ಆ ತುಂಡಿನ ಕೊನೆಯಲ್ಲಿ ಪೆಟ್ಟು ಬಿದ್ದರೆ, ಬಿಟ್‌ಗಳನ್ನು ಉಳಿಸಿದ್ದರಿಂದ ಹುಟ್ಟಿದ ದೋಷ ತುಂಡಿನ ಉದ್ದಕ್ಕೂ ಹರಡಿ, ಪೆಟ್ಟಿಗಿಂತ ಮೊದಲೇ ಕೇಳಿಸುತ್ತದೆ. ಪೆಟ್ಟಿನ ಮೊನೆ ಮೊಂಡಾಗುತ್ತದೆ. ಇದನ್ನು ತಡೆಯಲು ಎಂಪಿ3ಯಲ್ಲಿ ಚಿಕ್ಕ ತುಂಡುಗಳ ಏರ್ಪಾಡೂ ಇದೆ, ಆದರೆ ಅದಕ್ಕೆ ಹೆಚ್ಚು ಬಿಟ್ ಬೇಕು. ತಮಟೆ, ಗೆಜ್ಜೆ, ತಾಳ, ಚಪ್ಪಾಳೆ ಎಲ್ಲಕ್ಕೂ ಇದೇ ಮಾತು. ಫೈಲು ಕೆಟ್ಟಿದೆಯೇ ಎಂದು ತಿಳಿಯಬೇಕಾದರೆ ಗೆಜ್ಜೆಯ ಭಾಗವನ್ನು ಕೇಳಿ, ಬೇಗ ಗೊತ್ತಾಗುತ್ತದೆ.

ಇನ್ನೂ ಒಂದು ಸಂಗತಿ ಸಂಶೋಧನೆ ಮಾಡುವವರಿಗೆ. ತೀರ ಕಡಿಮೆ ಬಿಟ್‌ರೇಟಿಗೆಂದು ರೂಪಿಸಿದ ಎಎಸಿಯ ಬಗೆಯೊಂದು ಮೇಲಿನ ಆವರ್ತನಗಳನ್ನು ಮೂಲದಲ್ಲಿದ್ದಂತೆ ಉಳಿಸುವುದಿಲ್ಲ. ಕೆಳಗಿನ ಆವರ್ತನಗಳನ್ನು ನಕಲು ಮಾಡಿ, ಒಂದಿಷ್ಟು ಸೂಚನೆಗಳ ಸಹಾಯದಿಂದ ಮೇಲಿನದನ್ನು ಹೊಸದಾಗಿ ಕಟ್ಟಿಕೊಡುತ್ತದೆ. ಕೇಳುವುದಕ್ಕೆ ಹಿತವಾಗಿಯೇ ಇರುತ್ತದೆ. ಆದರೆ ಆ ಮುದ್ರಣವನ್ನು ಇಟ್ಟುಕೊಂಡು ಒಬ್ಬರ ಉಚ್ಚಾರಣೆಯನ್ನು ಅಧ್ಯಯನ ಮಾಡಹೊರಟರೆ, ನೀವು ಅಳೆಯುವುದು ಯಂತ್ರದ ಊಹೆಯನ್ನು. ಸ, ಶ, ಷಗಳ ವ್ಯತ್ಯಾಸ ಬಹುಪಾಲು ಇರುವುದು ಮೇಲಿನ ಆವರ್ತನಗಳಲ್ಲಿ. ಹಳೆಯ ದೂರವಾಣಿ 300ರಿಂದ 3,400 ಹರ್ಟ್ಸ್‌ವರೆಗೆ ಮಾತ್ರ ಸಾಗಿಸುತ್ತಿದ್ದುದರಿಂದಲೇ ಹೆಸರು ಹೇಳುವಾಗ ಮತ್ತೆ ಮತ್ತೆ ಬಿಡಿಸಿ ಹೇಳಬೇಕಾಗುತ್ತಿತ್ತು. ಹಳೆಯ ಮೊಬೈಲುಗಳ ಧ್ವನಿಮುದ್ರಣವೂ ಬಹುಮಟ್ಟಿಗೆ ಆ ಪಟ್ಟಿಯಲ್ಲೇ ನಿಲ್ಲುತ್ತಿತ್ತು. ನಮ್ಮ ಸೀಮೆಯ ಎಷ್ಟೋ ಹಿರಿಯರ ದನಿ ಇಂದು ಉಳಿದಿರುವುದು ಆ ರೂಪದಲ್ಲಿ ಮಾತ್ರ ಎಂದು ನೆನೆದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗಾದರೆ ಸಂಖ್ಯೆಗಳು. ನೆನಪಿಡಿ, ಇವು ಹಂಚುವ ಪ್ರತಿಗೆ ಮಾತ್ರ. ಮಾತು, ಸಂದರ್ಶನ, ಕತೆ ಹೇಳಿದ್ದು ಇದ್ದರೆ ಮೋನೊ ಓಪಸ್, 32 ಕೆಬಿಪಿಎಸ್. ಗಂಟೆಗೆ 15 ಎಂಬಿಯೊಳಗೆ ಮುಗಿಯುತ್ತದೆ, ಸ್ಪಷ್ಟವಾಗಿಯೂ ಇರುತ್ತದೆ. ಓಪಸ್ 2012ರಲ್ಲಿ ಅಂತರಜಾಲದ ಮಾನಕವಾದದ್ದು, ರಾಯಧನವಿಲ್ಲ. ನೀವು ದಿನವೂ ಕಳಿಸುವ ವಾಟ್ಸ್ಆ್ಯಪ್ ಧ್ವನಿ ಸಂದೇಶದೊಳಗೆ ಇರುವುದೂ ಅದೇ. ಒಂಟಿ ಗಾಯನಕ್ಕೆ ಮೋನೊ ಓಪಸ್ 64ರಿಂದ 96. ವಾದ್ಯಮೇಳಕ್ಕೆ ಸ್ಟೀರಿಯೊ ಓಪಸ್ 128, ಎಎಸಿ ಆದರೆ 160ರ ಸುಮಾರು. ಕೇಳುವವರ ಹತ್ತಿರ ಹಳೆಯ ಫೋನು, ಪೆನ್‌ಡ್ರೈವ್ ಹಾಕುವ ಸ್ಪೀಕರು, ಟ್ರ್ಯಾಕ್ಟರಿನ ಪ್ಲೇಯರು ಇದ್ದರೆ ಎಂಪಿ3ಯನ್ನೇ ಕೊಡಿ, ಅದು ಎಲ್ಲೆಡೆ ಓಡುತ್ತದೆ. 2017ರಲ್ಲಿ ಅದರ ಪರವಾನಗಿ ವ್ಯವಸ್ಥೆಯೂ ಮುಗಿದಿದೆ. ಮೇಳಕ್ಕೆ 192ಕ್ಕಿಂತ ಕೆಳಗೆ ಇಳಿಯಬೇಡಿ. ಬದಲಾಗುವ ಬಿಟ್‌ರೇಟಿನ ಆಯ್ಕೆ ಇದ್ದರೆ ಅದನ್ನು ಒತ್ತಿ. ಮೌನಕ್ಕೆ ಕಡಿಮೆ, ಗೆಜ್ಜೆಗೆ ಹೆಚ್ಚು ಎಂದು ಅದು ತಾನೇ ಹಂಚಿಕೊಳ್ಳುತ್ತದೆ. 320ಕ್ಕೆ ಹೋಗುವ ಮನಸ್ಸಾದರೆ ಒಮ್ಮೆ ಯೋಚಿಸಿ. ಅಷ್ಟು ಜಾಗ ಕೊಡುವ ಬದಲು ಫ್ಲ್ಯಾಕ್ ಕೊಡುವುದು ಎಷ್ಟೋ ಸಲ ಹೆಚ್ಚು ಅರ್ಥಪೂರ್ಣ.

ಈ ಸಂಖ್ಯೆಗಳನ್ನು ನನ್ನ ಮಾತಿನ ಮೇಲೆ ನಂಬಬೇಡಿ, ಪರೀಕ್ಷೆ ಮಾಡಿ. ಒಂದೇ ತುಣುಕಿನ ಎರಡು ಪ್ರತಿ ಮಾಡಿ. ಯಾವುದು ಯಾವುದೆಂದು ನಿಮಗೆ ತಿಳಿಯದಂತೆ ಗೆಳೆಯರೊಬ್ಬರು ನುಡಿಸಲಿ, ನೀವು ಹೇಳಿ. ಹತ್ತಿಪ್ಪತ್ತು ಸಲ ಮಾಡಿದರೆ ಊಹೆಯೋ ನಿಜವಾಗಿ ಕೇಳಿಸಿದ್ದೋ ಗೊತ್ತಾಗುತ್ತದೆ. ಎರಡರ ಸದ್ದಿನ ಮಟ್ಟ ಒಂದೇ ಇರಬೇಕು, ಏಕೆಂದರೆ ತುಸು ಜೋರಾಗಿರುವುದು ಯಾವಾಗಲೂ ಚೆನ್ನಾಗಿದೆ ಎನಿಸುತ್ತದೆ. ತಂತಿಯ ಹೆಡ್‌ಫೋನಿನಲ್ಲಿ ಕೇಳಿ. ಬ್ಲೂಟೂತ್ ಹೆಡ್‌ಫೋನು ದಾರಿಯಲ್ಲಿ ಧ್ವನಿಯನ್ನು ಇನ್ನೊಮ್ಮೆ ಕುಗ್ಗಿಸುವುದರಿಂದ ನಿಮ್ಮ ತೀರ್ಪು ಕೆಡುತ್ತದೆ. ಕುಗ್ಗಿಸುವ ಮುನ್ನ ಅತಿ ಜೋರಾದ ಜಾಗ ಗರಿಷ್ಠ ಮಟ್ಟಕ್ಕಿಂತ ಕನಿಷ್ಠ ಒಂದು ಡೆಸಿಬೆಲ್ ಕೆಳಗಿರಲಿ. ಮತ್ತೆ ತೆರೆಯುವಾಗ ಅಲೆಯ ತುದಿ ಮೂಲಕ್ಕಿಂತ ಸ್ವಲ್ಪ ಮೇಲೇರಿ ಒಡೆಯುವುದುಂಟು.

ಕ್ಯಾಸೆಟ್ಟಿನವರಿಗೆ ನಾನು ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ದಾವಣಗೆರೆ ವೃತ್ತಿ ರಂಗಭೂಮಿಯ ಊರು. ನಾಟಕದ ಮಾತು, ರಂಗಗೀತೆಗಳ ಟೇಪುಗಳು ಹಳೆಯ ಕಲಾವಿದರ ಮನೆಗಳ ಟ್ರಂಕುಗಳಲ್ಲಿ ಇನ್ನೂ ಇವೆ. ಟೇಪಿನ ಗುಣಮಟ್ಟವೇ ಸಾಧಾರಣ, ಬರೀ ಹಿಸ್ಸೆನ್ನುವ ಸದ್ದು, ಅದಕ್ಕೆ 24 ಬಿಟ್ ಏಕೆ, ನೇರವಾಗಿ ಎಂಪಿ3 ಮಾಡಿದರೆ ಸಾಲದೇ ಎನ್ನುತ್ತಾರೆ. ನಾನು ಬೇಡ ಎನ್ನುತ್ತೇನೆ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಒಕ್ಕೂಟದ ಮಾರ್ಗಸೂಚಿ ಹಳೆಯ ಟೇಪುಗಳಿಗೂ ಕನಿಷ್ಠ 48,000 ಮತ್ತು 24 ಬಿಟ್ ಎಂದೇ ಹೇಳುತ್ತದೆ. ಕಾರಣ ಇಷ್ಟು: ಹಿಸ್ಸನ್ನು ತೆಗೆಯುವ ಸಾಫ್ಟ್‌ವೇರು ಮೊದಲು ಹಿಸ್ಸನ್ನು ಚೆನ್ನಾಗಿ ಅರಿಯಬೇಕು. ಕೋಡೆಕ್ಕು ಅದನ್ನು ಕ್ಷಣಕ್ಕೊಂದು ರೀತಿಯಲ್ಲಿ ಕತ್ತರಿಸಿದ್ದರೆ ಅದರ ಲೆಕ್ಕ ತಪ್ಪುತ್ತದೆ, ಮಾತಿನ ಅಂಚುಗಳೂ ಹಿಸ್ಸಿನೊಂದಿಗೆ ಹೋಗುತ್ತವೆ. ಇನ್ನೂ ಸ್ವಾರಸ್ಯದ ವಿಷಯವೆಂದರೆ ಟೇಪಿನ ಹಿನ್ನೆಲೆಯ ಗುಂಯ್ ಸದ್ದು. ಅದು ನಮ್ಮ ವಿದ್ಯುತ್ತಿನ 50 ಹರ್ಟ್ಸ್‌ನದು. ಈಗ ನುಡಿಸಿದಾಗ ಅದು 52 ಎಂದು ತೋರಿದರೆ ಟೇಪು ವೇಗವಾಗಿ ಓಡುತ್ತಿದೆ, ನಟನ ಶ್ರುತಿ ಮೇಲೇರಿದೆ ಎಂಬ ಸುಳಿವು. ಹಿಂದೆ ನಮ್ಮ ವಿದ್ಯುತ್ ಜಾಲದ ಆವರ್ತನವೇ ಏರಿಳಿಯುತ್ತಿದ್ದುದರಿಂದ ಇದು ಅಂದಾಜಿಗೆ ಮಾತ್ರ, ಆದರೂ ಬೆಲೆಬಾಳುವ ಅಂದಾಜು. ಕೇಳುಗರಿಗೆ ಬೇಡವಾದ ಸದ್ದೆಂದು ಕೋಡೆಕ್ಕು ಕೈಬಿಡುವುದು ಇಂಥ ಸುಳಿವುಗಳನ್ನೇ.

ಒಂದು ಹಾಡು ಸಾಮಾನ್ಯವಾಗಿ ನಡೆಯುವ ದಾರಿಯನ್ನು ನೋಡಿ. ಟೇಪಿನಿಂದ ಎಂಪಿ3 ಆಗುತ್ತದೆ. ಯಾರೋ ಅದನ್ನು ತೆರೆದು ಆರಂಭದ ಮೌನ ಕತ್ತರಿಸಿ ಮತ್ತೆ ಎಂಪಿ3 ಮಾಡುತ್ತಾರೆ. ಇನ್ನೊಬ್ಬರು ಅದಕ್ಕೊಂದು ಚಿತ್ರ ಸೇರಿಸಿ ವಿಡಿಯೊ ಮಾಡುತ್ತಾರೆ, ಮತ್ತೊಬ್ಬರು ಆ ವಿಡಿಯೊದಿಂದ ಧ್ವನಿಯನ್ನು ಹೊರತೆಗೆಯುತ್ತಾರೆ. ಪ್ರತಿ ಹೆಜ್ಜೆಯಲ್ಲೂ ಕೋಡೆಕ್ಕು ತನ್ನ ಮುಂದೆ ಬಂದದ್ದನ್ನೇ ಮೂಲ ಎಂದು ತಿಳಿದು, ಹಿಂದಿನವರ ದೋಷವನ್ನೂ ಸಂಗೀತವೆಂದು ಭಾವಿಸಿ, ಮತ್ತೊಂದಿಷ್ಟು ಬಿಸಾಡುತ್ತದೆ. ಕೊನೆಗೆ ಯಾರೋ ಅದನ್ನು ವೇವ್ ಆಗಿ ಪರಿವರ್ತಿಸಿ, ಈಗ ಗುಣಮಟ್ಟ ಮರಳಿತು ಎಂದುಕೊಳ್ಳುತ್ತಾರೆ. ಅಕ್ಕಿ ಹುರಿದು ಮಂಡಕ್ಕಿಯಾದರೆ ಚೀಲ ದೊಡ್ಡದಾಗುತ್ತದೆ, ತೂಕ ಹೆಚ್ಚುವುದಿಲ್ಲ. ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಕತ್ತರಿಸುವುದು, ಶುದ್ಧಗೊಳಿಸುವುದು, ಮಟ್ಟ ಸರಿಪಡಿಸುವುದು ಎಲ್ಲವನ್ನೂ ಮೂಲಪ್ರತಿಯ ನಕಲಿನ ಮೇಲೆ ಮಾಡಿ, ಕುಗ್ಗಿಸುವುದನ್ನು ಕಟ್ಟಕಡೆಗೆ ಒಂದೇ ಸಲ ಮಾಡಿ. ಬೇರೆ ಗಾತ್ರ ಬೇಕಾದರೆ ಮತ್ತೆ ಮೂಲಕ್ಕೇ ಹೋಗಿ. ಮೊಬೈಲಿನಲ್ಲಿ ಮುದ್ರಿಸುವವರು ರೆಕಾರ್ಡರ್ ಆ್ಯಪಿನ ಸೆಟ್ಟಿಂಗ್ಸ್ ತೆರೆದು ವೇವ್ ಆಯ್ಕೆ ಇದೆಯೇ ನೋಡಿ, ಇಲ್ಲದಿದ್ದರೆ ಇರುವ ಆ್ಯಪು ಹುಡುಕಿ. ವಾಟ್ಸ್ಆ್ಯಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಎಂದು ಕಳಿಸಿದರೆ ಫೈಲು ಇದ್ದಂತೆಯೇ ತಲಪುತ್ತದೆ.

ಇಷ್ಟೆಲ್ಲ ಹೇಳಿದ್ದಕ್ಕೆ ನಾನು ಚಿಕ್ಕ ಫೈಲಿನ ವಿರೋಧಿ ಎಂದು ತಿಳಿಯಬೇಡಿ. ಸಂಗ್ರಹಕಾರರ ಹಾರ್ಡ್ ಡಿಸ್ಕಿನಲ್ಲಿ ದೊಡ್ಡ ಫೈಲು ಭದ್ರವಾಗಿದ್ದು, ಹಾಡಿದ ತಾಯಿಗೆ ತನ್ನ ಹಾಡು ಕೇಳಲು ಸಿಗದೆ ಹೋಗುವುದು ನನಗೆ ಗುಣಮಟ್ಟ ಕೆಡುವುದಕ್ಕಿಂತ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಆಕೆಯ ಮಗನ ಫೋನಿನಲ್ಲಿ ಜಾಗ ಎಷ್ಟಿದೆ, ಹಟ್ಟಿಯಲ್ಲಿ ನೆಟ್‌ವರ್ಕ್ ಹೇಗಿದೆ ಎಂದು ವಿಚಾರಿಸಿ, ಅದಕ್ಕೆ ಹೊಂದುವಂತೆ ಮಾಡಿಕೊಡಿ. ನಾಲ್ಕು ಗಂಟೆಯ ಗಾಯನ 48 ಕೆಬಿಪಿಎಸ್ ಓಪಸ್‌ನಲ್ಲಿ 90 ಎಂಬಿಯೊಳಗೆ ಬರುತ್ತದೆ. ಗಣೆಯ ಉಸಿರು ಅದರಲ್ಲಿ ತುಸು ಮಸುಕಾಗುತ್ತದೆ, ಆಗಲಿ. ಮೂಲ ನಿಮ್ಮಲ್ಲಿ ಇದೆಯಲ್ಲ. ಆ ಮೂಲದ ಎರಡು ಪ್ರತಿ ಮಾಡಿ, ಒಂದನ್ನು ನಿಮ್ಮ ಕಾಲೇಜಿನಲ್ಲಿ, ಇನ್ನೊಂದನ್ನು ಬೇರೆ ಊರಿನಲ್ಲಿ ಇಡಿ. ಎರಡೂ ಡಿಸ್ಕುಗಳು ಒಂದೇ ಬೀರುವಿನಲ್ಲಿದ್ದರೆ ಅದನ್ನು ಎರಡು ಪ್ರತಿ ಎಂದು ಎಣಿಸಬೇಡಿ. ಫೈಲಿನ ಹೆಸರಿನಲ್ಲೇ ಊರು, ದಿನಾಂಕ, ಹಾಡಿದವರ ಹೆಸರು ಇರಲಿ.

ಹಿಂದಿನ ಸಾಲಿನಿಂದ ಒಬ್ಬರು ಅಧ್ಯಾಪಕರು ಚೀಟಿ ಕಳಿಸಿದ್ದಾರೆ: ಮೂಲ ಟೇಪು ಗೆದ್ದಲು ಹಿಡಿದು ಹೋಗಿದೆ, ಉಳಿದಿರುವುದು 64 ಕೆಬಿಪಿಎಸ್ ಎಂಪಿ3 ಒಂದೇ, ಏನು ಮಾಡಲಿ? ಸರ್, ಹಾಗಿದ್ದರೆ ನಿಮ್ಮ ಪಾಲಿಗೆ ಆ ಎಂಪಿ3ಯೇ ಮೂಲ. ಅದನ್ನು ತಿದ್ದಬೇಡಿ, ಬೇರೆ ರೂಪಕ್ಕೆ ಬದಲಿಸಬೇಡಿ, ಒಂದು ಬಿಟ್ಟನ್ನೂ ಮುಟ್ಟದೆ ಎರಡು ಕಡೆ ನಕಲು ಮಾಡಿ ಇಡಿ. ಶುದ್ಧಗೊಳಿಸಬೇಕಾದರೆ ನಕಲನ್ನು ತೆರೆದು, ಫಲಿತಾಂಶವನ್ನು ಫ್ಲ್ಯಾಕ್ ಆಗಿ ಉಳಿಸಿ. ಮೂಲ ಎಂಪಿ3 ಅದರ ಪಕ್ಕದಲ್ಲೇ ಇರಲಿ. ಮತ್ತು ಆ ಟೇಪನ್ನು ಹಿಂದೆ ಯಾರಾದರೂ ನಕಲು ಮಾಡಿಸಿಕೊಂಡು ಹೋಗಿದ್ದರೇ ಎಂದು ನಾಟಕದವರ ಮನೆಗಳಲ್ಲಿ ಒಮ್ಮೆ ವಿಚಾರಿಸಿ.